ಖಜಾನೆಯ ಪತ್ರಗಳು ಹೇಳುವ ಲೆಕ್ಕ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಣ ಹರಿದ ಬಗೆ

ಕೊಳ್ಳೇಗಾಲದಿಂದ ಯಳಂದೂರಿಗೆ ಇಂದು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಒಂದೂರಿನಲ್ಲಿ ಸರಕು ಕೊಂಡು ಇನ್ನೊಂದೂರಿನಲ್ಲಿ ಮಾರುವ ವರ್ತಕನಿಗೆ ನಾಣ್ಯ ಬದಲಿಸುವ ಚಿಂತೆಯಿಲ್ಲ, ಗಡಿ ದಾಟುವ ಸುಂಕವಿಲ್ಲ. ಆದರೆ 19ನೇ ಶತಮಾನದ ಆರಂಭದಲ್ಲಿ ಈ ಅರ್ಧ ಗಂಟೆಯ ದಾರಿಯ ನಡುವೆ ಎರಡು ಸರ್ಕಾರಗಳ ಗಡಿಯಿತ್ತು. ಕೊಳ್ಳೇಗಾಲ ಮತ್ತು ಹನೂರಿನ ಕಂದಾಯವು ಕೊಯಮತ್ತೂರಿನ ಮೂಲಕ ಮದರಾಸಿಗೆ ಹೋಗುತ್ತಿತ್ತು. ಯಳಂದೂರಾದರೋ ಮೈಸೂರು ಸಂಸ್ಥಾನದ ಅಂಗವಾಗಿತ್ತು. ಈ ಎರಡು ಖಜಾನೆಗಳ ಸುತ್ತ ನಡೆದ ಪತ್ರವ್ಯವಹಾರವು ಆಡಳಿತದ ಇತಿಹಾಸ ಮಾತ್ರವಲ್ಲ. ಹಣ ಒಬ್ಬರ ಕೈಯಲ್ಲಿ, ಮೇಲ್ವಿಚಾರಣೆ ದೂರದ ಇನ್ನೊಬ್ಬರ ಕೈಯಲ್ಲಿ ಇರುವಾಗ ಏನಾಗುತ್ತದೆ ಎಂಬುದಕ್ಕೆ ಅದೊಂದು ಸ್ಪಷ್ಟ ನಿದರ್ಶನವೂ ಹೌದು.

1799ರ ವಿಭಜನೆ

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಟಿಪ್ಪು ಸುಲ್ತಾನರ ರಾಜ್ಯವನ್ನು ಹಂಚಿದಾಗ ಕೊಯಮತ್ತೂರು ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅಂದು ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲ ಪ್ರದೇಶವೂ ಅದರೊಂದಿಗೆ ಮದರಾಸು ಆಧಿಪತ್ಯಕ್ಕೆ ಸೇರಿತು. ಭಾಷೆಯಲ್ಲಿ, ನೆಂಟಸ್ತಿಕೆಯಲ್ಲಿ, ಸಂತೆಯ ವ್ಯವಹಾರದಲ್ಲಿ ಮೈಸೂರಿಗೆ ಹತ್ತಿರವಾಗಿದ್ದ ಈ ನಾಡು ಆಡಳಿತದಲ್ಲಿ ಮಾತ್ರ ಕೊಯಮತ್ತೂರು ಜಿಲ್ಲೆಯ ಉತ್ತರದ ತುದಿಯಾಯಿತು. ಈ ಸ್ಥಿತಿ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂದುವರಿಯಿತು.

ಯಳಂದೂರಿನ ಕಥೆ ಬೇರೆ. ಅದು ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ನೀಡಲಾಯಿತು. ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವುದರಿಂದ ವೃತ್ತಿ ಆರಂಭಿಸಿ, ಹೈದರಾಲಿಯ ಖಜಾನೆಯ ಹೊಣೆ ಹೊತ್ತು, ಕೊನೆಗೆ ಸಂಸ್ಥಾನದ ದಿವಾನರಾದವರು ಪೂರ್ಣಯ್ಯ. ಈ ಸೀಮೆಯ ವ್ಯಾಪಾರಿಗಳು ನೆನಪಿಡಬೇಕಾದ ಹೆಸರದು.

ಹಳ್ಳಿಯಿಂದ ಮದರಾಸಿಗೆ ಹಣದ ದಾರಿ

ಕಂಪನಿಯ ಆಡಳಿತದಲ್ಲಿ ಕಂದಾಯದ ಹಣವು ಹಲವು ಕೈಗಳನ್ನು ದಾಟುತ್ತಿತ್ತು. ಹಳ್ಳಿಯಲ್ಲಿ ಪಟೇಲನು ವಸೂಲಿ ಮಾಡುತ್ತಿದ್ದನು, ಶಾನುಭೋಗನು ಲೆಕ್ಕ ಬರೆಯುತ್ತಿದ್ದನು. ಕಿಸ್ತುಗಳಲ್ಲಿ ಬಂದ ಹಣ ತಾಲ್ಲೂಕು ಕಚೇರಿಗೆ ಸೇರುತ್ತಿತ್ತು. ಅಲ್ಲಿ ಸರಾಫನು ನಾಣ್ಯಗಳನ್ನು ಪರೀಕ್ಷಿಸಿ, ಸವೆದುದನ್ನೂ ಕಡಿಮೆ ಬೆಲೆಯದನ್ನೂ ಬೇರ್ಪಡಿಸಿ, ವಟ್ಟ ಲೆಕ್ಕ ಹಾಕುತ್ತಿದ್ದನು. ತಹಶೀಲ್ದಾರನು ಅದನ್ನು ಕಾವಲಿನೊಂದಿಗೆ ಕಲೆಕ್ಟರರ ಹುಜೂರು ಖಜಾನೆಗೆ ಕಳುಹಿಸುತ್ತಿದ್ದನು. ಸ್ಥಳೀಯ ವೆಚ್ಚ ಕಳೆದು ಉಳಿದ ಹಣವು ಮದರಾಸಿನ ಆಜ್ಞೆಯಂತೆ ವಿನಿಯೋಗವಾಗುತ್ತಿತ್ತು.

ಹಣದ ಹಿಂದೆ ಕಾಗದವೂ ಸಾಗುತ್ತಿತ್ತು. ತಹಶೀಲ್ದಾರನಿಂದ ಕಲೆಕ್ಟರರಿಗೆ ಅರ್ಜಿ, ಕಲೆಕ್ಟರರಿಂದ ತಹಶೀಲ್ದಾರನಿಗೆ ತಾಕೀದು. ಕಲೆಕ್ಟರರು 1786ರಲ್ಲಿ ಸ್ಥಾಪನೆಯಾಗಿದ್ದ ಮದರಾಸಿನ ಕಂದಾಯ ಮಂಡಳಿಗೆ ವರದಿ ಬರೆಯುತ್ತಿದ್ದರು. ಮಂಡಳಿಯು ಗವರ್ನರರಿಗೂ, ಗವರ್ನರರ ಸರ್ಕಾರವು ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರಿಗೂ ಬರೆಯುತ್ತಿತ್ತು. ಹಾಯಿಹಡಗು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಲಂಡನ್ ಸೇರಲು ನಾಲ್ಕರಿಂದ ಆರು ತಿಂಗಳು ಬೇಕಾಗಿತ್ತು. ಉತ್ತರ ಕೈಸೇರುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತಿತ್ತು, ಹಲವು ಬಾರಿ ಅದಕ್ಕೂ ಹೆಚ್ಚು. ಕೊಳ್ಳೇಗಾಲದ ಕಚೇರಿಯಲ್ಲಿ ಆದ ತಪ್ಪೊಂದಕ್ಕೆ ಲಂಡನ್ನಿನ ಆಕ್ಷೇಪಣೆ ಬರುವಷ್ಟರಲ್ಲಿ ತಪ್ಪು ಮಾಡಿದವನೂ ಅದನ್ನು ಕಂಡವನೂ ಬೇರೆಡೆಗೆ ಹೋಗಿರಬಹುದಿತ್ತು.

ಇಂಥ ವ್ಯವಸ್ಥೆ ಭಾರತಕ್ಕಷ್ಟೇ ಸೀಮಿತವಾಗಿರಲಿಲ್ಲ. 1801ರಲ್ಲಿ ಬ್ರಿಟನ್ನಿನೊಂದಿಗೆ ಒಂದಾದ ಐರ್ಲೆಂಡಿನ ಖಜಾನೆಯು 1817ರವರೆಗೂ ಪ್ರತ್ಯೇಕವಾಗಿತ್ತು. ಅಲ್ಲಿನ ನಾಣ್ಯವೂ 1826ರವರೆಗೆ ಪ್ರತ್ಯೇಕವಾಗಿದ್ದು, 13 ಐರಿಷ್ ಪೆನ್ಸ್‌ಗೆ 12 ಬ್ರಿಟಿಷ್ ಪೆನ್ಸ್ ಸಮವಾಗಿತ್ತು. ಡಬ್ಲಿನ್ನಿನ ವೆಚ್ಚಕ್ಕೆ ಲಂಡನ್ನಿನ ಒಪ್ಪಿಗೆ ಕೇಳುವ ಪತ್ರಗಳೂ, ಕೊಯಮತ್ತೂರಿನ ವೆಚ್ಚಕ್ಕೆ ಮದರಾಸಿನ ಒಪ್ಪಿಗೆ ಕೇಳುವ ಪತ್ರಗಳೂ ಒಂದೇ ಕಾಲದವು. ವ್ಯತ್ಯಾಸವೆಂದರೆ ದೂರ. ಡಬ್ಲಿನ್ನಿನ ಪತ್ರಕ್ಕೆ ವಾರಗಳೊಳಗೆ ಉತ್ತರ ಸಾಧ್ಯವಿತ್ತು.

ನಾಣ್ಯಗಳ ಗೋಜಲು

ಆ ಕಾಲದ ಲೆಕ್ಕವನ್ನು ಅರಿಯಲು ನಾಣ್ಯಗಳನ್ನು ಅರಿಯುವುದು ಅಗತ್ಯ. ಮದರಾಸಿನ ಲೆಕ್ಕ ನಕ್ಷತ್ರ ವರಹದಲ್ಲಿ ನಡೆಯುತ್ತಿತ್ತು. ಮೈಸೂರಿನ ಲೆಕ್ಕ ಕಂಠೀರಾಯ ವರಹದಲ್ಲಿ. ಆದರೆ ಕಂಠೀರಾಯ ವರಹವೆಂಬುದು ಪುಸ್ತಕದಲ್ಲಿ ಮಾತ್ರ ಇದ್ದ ಮಾನ. ಕೈಯಲ್ಲಿ ಓಡಾಡುತ್ತಿದ್ದುದು ಕಂಠೀರಾಯ ಹಣ, ಅಂಥ 10 ಹಣ ಸೇರಿದರೆ ಒಂದು ವರಹ. ಇವುಗಳ ಜೊತೆಗೆ ಟಿಪ್ಪುವಿನ ಕಾಲದ ನಾಣ್ಯಗಳೂ ಬಗೆಬಗೆಯ ರೂಪಾಯಿಗಳೂ ಚಲಾವಣೆಯಲ್ಲಿದ್ದವು. ಗಡಿಯ ಎರಡೂ ಬದಿಯಲ್ಲಿ ವ್ಯವಹರಿಸುವ ವರ್ತಕನಿಗೆ ವಟ್ಟದ ಲೆಕ್ಕವೇ ಲಾಭನಷ್ಟವನ್ನು ನಿರ್ಧರಿಸಬಲ್ಲುದಾಗಿತ್ತು.

ವರ್ತಕರ ಲೆಕ್ಕ ಇರುತ್ತಿದ್ದುದು ಕಡತದಲ್ಲಿ. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ಇಂದು ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಬಳಸುವ ‘ಕಡತ’ ಎಂಬ ಮಾತು ಅಂದಿನ ಅಂಗಡಿಯ ಲೆಕ್ಕದ ಬಟ್ಟೆಯ ಹೆಸರೇ ಆಗಿದೆ.

1818ರಲ್ಲಿ ಮದರಾಸು ಸರ್ಕಾರವು ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಲೆಕ್ಕದ ಮಾನವಾಗಿ ಸ್ವೀಕರಿಸಿ, 100 ನಕ್ಷತ್ರ ವರಹಕ್ಕೆ 350 ರೂಪಾಯಿಯ ದರವನ್ನು ಗೊತ್ತುಪಡಿಸಿತು. 1835ರಲ್ಲಿ ಕಂಪನಿಯ ಆಳ್ವಿಕೆಯ ಎಲ್ಲ ಪ್ರದೇಶಗಳಿಗೂ ಒಂದೇ ರೂಪಾಯಿ ಬಂದಿತು.

ಕೊಯಮತ್ತೂರು ಖಜಾನೆಯ ಹಗರಣ

ಕೊಳ್ಳೇಗಾಲದ ಹಣ ಸೇರುತ್ತಿದ್ದ ಕೊಯಮತ್ತೂರು ಖಜಾನೆಯಲ್ಲಿ ನಡೆದ ವಂಚನೆಯು ಆ ಕಾಲದ ದೊಡ್ಡ ಆಡಳಿತ ಹಗರಣಗಳಲ್ಲಿ ಒಂದು. ವಿಲಿಯಂ ಗ್ಯಾರೋ ಎಂಬವರು ದೀರ್ಘಕಾಲ ಅಲ್ಲಿನ ಕಲೆಕ್ಟರರಾಗಿದ್ದರು. ಖಜಾನೆಯ ಮುಖ್ಯಸ್ಥ ಕಾಶಿ ಚೆಟ್ಟಿ ಅವರ ಸಂಪೂರ್ಣ ವಿಶ್ವಾಸ ಗಳಿಸಿದ್ದನು. ಆತನು ಸರ್ಕಾರದ ಖಜಾಂಚಿ ಮಾತ್ರವಾಗಿರದೆ ಸ್ವಂತ ವ್ಯಾಪಾರಿಯೂ ಆಗಿದ್ದನು.

1815ರಲ್ಲಿ ಜಾನ್ ಸಲ್ಲಿವನ್ ಕಲೆಕ್ಟರರಾಗಿ ಬಂದರು. ಮುಂದೆ ಉದಕಮಂಡಲವನ್ನು ಸ್ಥಾಪಿಸಿ ಹೆಸರಾದವರು ಇವರೇ. ಅವರ ಕಾಲದಲ್ಲಿ ಖಜಾನೆಯ ಸಂಗತಿ ಹೊರಬಿತ್ತು. ತನಿಖೆಯನ್ನು ಥಾಮಸ್ ಮನ್ರೋ ಮತ್ತು ಸಲ್ಲಿವನ್ ಅವರಿಗೆ ಒಪ್ಪಿಸಲಾಯಿತು. 1816ರ ವಿಚಾರಣೆಯಲ್ಲಿ ಬೆಳಕಿಗೆ ಬಂದ ಚಿತ್ರ ಹೀಗಿತ್ತು: ಖಜಾಂಚಿಯು ಸರ್ಕಾರದ ಹಣವನ್ನು ಸ್ವಂತ ವ್ಯಾಪಾರಕ್ಕೆ ತೊಡಗಿಸಿದ್ದನು, ಕಂದಾಯದ ನೌಕರವರ್ಗವನ್ನು ತನ್ನ ಹಿಡಿತಕ್ಕೆ ತಂದುಕೊಂಡಿದ್ದನು, ಅಧಿಕಾರದ ಬಲವನ್ನು ವ್ಯಾಪಾರದ ಬಲವಾಗಿ ಬಳಸಿದ್ದನು. ಕಲೆಕ್ಟರರ ಅತಿಯಾದ ನಂಬಿಕೆಯೇ ಇದಕ್ಕೆಲ್ಲ ಆಸರೆಯಾಗಿತ್ತು.

ಇಂಥ ಖಜಾಂಚಿಯ ಎದುರು ಸಾಮಾನ್ಯ ವರ್ತಕನ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ. ಕಂದಾಯ ವಸೂಲಿ ಮಾಡುವವನೇ ಪ್ರತಿಸ್ಪರ್ಧಿ ವ್ಯಾಪಾರಿಯೂ ಆದರೆ ರೈತನು ಬೆಳೆಯನ್ನು ಆತನಿಗೇ ಮಾರಬೇಕಾಗುತ್ತದೆ. ಉಳಿದ ವರ್ತಕರಿಗೆ ಸರಕು ದೊರೆಯುವುದಿಲ್ಲ, ದೊರೆತರೂ ನ್ಯಾಯವಾದ ಬೆಲೆಗೆ ದೊರೆಯುವುದಿಲ್ಲ. ದೂರು ಕೊಡಲು ಹೋಗಬೇಕಾದ ಕಚೇರಿಯೂ ಆತನ ಕೈಯಲ್ಲೇ ಇರುತ್ತದೆ.

ಪತ್ರಗಳಲ್ಲಿ ಏಕೆ ಕಾಣಲಿಲ್ಲ?

ವರ್ಷದಿಂದ ವರ್ಷಕ್ಕೆ ಕಲೆಕ್ಟರರ ವರದಿಗಳು ಮದರಾಸಿಗೆ ಹೋಗುತ್ತಲೇ ಇದ್ದವು. ಆದರೂ ವಂಚನೆ ಬಹುಕಾಲ ಬಯಲಾಗದಿರಲು ವ್ಯವಸ್ಥೆಯೊಳಗೇ ಕಾರಣಗಳಿದ್ದವು.

ಮೊದಲನೆಯದಾಗಿ, ಮಂಡಳಿಯು ನೋಡುತ್ತಿದ್ದುದು ಜಮಾ, ವಸೂಲು, ಬಾಕಿ ಎಂಬ ಒಟ್ಟು ಮೊತ್ತಗಳನ್ನು. ಅವು ತಾಳೆಯಾದರೆ ಸಂಶಯಕ್ಕೆ ಎಡೆಯಿರಲಿಲ್ಲ. ಪೆಟ್ಟಿಗೆಯಲ್ಲಿ ನಗದು ಇದೆಯೇ ಎಂಬುದು ಕಾಗದದಿಂದ ತಿಳಿಯುವ ಸಂಗತಿಯಲ್ಲ.

ಎರಡನೆಯದಾಗಿ, ಮೂಲ ಲೆಕ್ಕಗಳು ದೇಶಭಾಷೆಗಳಲ್ಲಿದ್ದವು, ವರದಿ ಇಂಗ್ಲಿಷಿನಲ್ಲಿತ್ತು. ನಡುವಣ ಸಾರಾಂಶ ಸಿದ್ಧವಾಗುತ್ತಿದ್ದುದು ಕಚೇರಿಯ ಸಿಬ್ಬಂದಿಯಿಂದಲೇ.

ಮೂರನೆಯದಾಗಿ, ವಸೂಲಿಗೂ ರವಾನೆಗೂ ನಡುವೆ ಕಾಲದ ಅಂತರವಿತ್ತು. ಆ ಅಂತರದಲ್ಲಿ ಹಣ ಖಜಾಂಚಿಯ ವಶದಲ್ಲೇ ಇರುತ್ತಿತ್ತು. ಅದನ್ನು ವ್ಯಾಪಾರದಲ್ಲಿ ತೊಡಗಿಸಿ, ರವಾನೆಯ ದಿನಕ್ಕೆ ಮುನ್ನ ಹಿಂದಿರುಗಿಸುವವನು ಕಾಗದದಲ್ಲಿ ಪ್ರಾಮಾಣಿಕನಾಗಿಯೇ ಕಾಣುತ್ತಾನೆ. ವ್ಯಾಪಾರದಲ್ಲಿ ನಷ್ಟವಾದಾಗ ಮಾತ್ರ ಸತ್ಯ ಹೊರಬೀಳುತ್ತದೆ.

ಮನ್ರೋ 1820ರಲ್ಲಿ ಮದರಾಸಿನ ಗವರ್ನರರಾದರು. 1822ರ 9ನೇ ರೆಗ್ಯುಲೇಷನ್ ಅವರ ಆಡಳಿತದಲ್ಲಿ ಜಾರಿಗೆ ಬಂದಿತು. ಸರ್ಕಾರಿ ಹಣ ದುರುಪಯೋಗಪಡಿಸಿಕೊಂಡ, ಲಂಚ ಪಡೆದ ದೇಶೀಯ ನೌಕರರ ವಿಚಾರಣೆಯನ್ನು ಮೊದಲ ಹಂತದಲ್ಲಿ ಕಲೆಕ್ಟರರೇ ಕೈಗೊಳ್ಳುವ ಅಧಿಕಾರವನ್ನು ಅದು ನೀಡಿತು. ಆದರೆ ಕೊಯಮತ್ತೂರಿನಲ್ಲಿ ಸೋತದ್ದು ಕಲೆಕ್ಟರರ ಕಣ್ಗಾವಲೇ ಎಂಬುದನ್ನು ಗಮನಿಸಿದರೆ, ಅಧಿಕಾರ ಹೆಚ್ಚಿಸುವುದರಿಂದಷ್ಟೇ ಪರಿಹಾರ ಪೂರ್ಣವಾಗದು ಎಂಬುದು ಸ್ಪಷ್ಟವಾಗುತ್ತದೆ.

ಮೈಸೂರು ಖಜಾನೆ: ತಿಂಗಳ ಕಂತಿನ ಕಥೆ

ಗಡಿಯಾಚೆ ಯಳಂದೂರಿನ ಜಹಗೀರುದಾರರ ಖಜಾನೆ ನಿರ್ವಹಣೆ ಬೇರೆ ಬಗೆಯದು. ಹೈದರನ ಕಾಲದಲ್ಲಿಯೇ ಕೃಷ್ಣರಾವ್ ಮರಾಠಿಯಲ್ಲಿಯೂ ಪೂರ್ಣಯ್ಯ ಕನ್ನಡದಲ್ಲಿಯೂ ರಾಜ್ಯದ ಲೆಕ್ಕಗಳನ್ನು ಇಡುತ್ತಿದ್ದರು. ಎರಡು ಕೈಗಳ, ಎರಡು ಭಾಷೆಗಳ ಲೆಕ್ಕವಿದ್ದಲ್ಲಿ ಒಂದರ ತಪ್ಪನ್ನು ಇನ್ನೊಂದು ತೋರಿಸಬಲ್ಲುದು.

1799ರ ಜುಲೈ 8ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಕಂಪನಿಗೆ ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹಗಳ ಪೊಗದಿಯನ್ನು 12 ಸಮಾನ ಮಾಸಿಕ ಕಂತುಗಳಲ್ಲಿ ತೆರಬೇಕಾಗಿತ್ತು. ರೂಪಾಯಿ ಲೆಕ್ಕದಲ್ಲಿ ಇದು 24.5 ಲಕ್ಷ, ಅಂದರೆ ತಿಂಗಳಿಗೆ ಎರಡು ಲಕ್ಷ ರೂಪಾಯಿಗೂ ಮೇಲ್ಪಟ್ಟ ಹೊರೆ. ಬೆಳೆಯ ಹಣ ವರ್ಷದ ಕೆಲವು ತಿಂಗಳಲ್ಲಿ ಮಾತ್ರ ಬರುತ್ತದೆ, ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಸಾಲದ ಕಂತು ಕಟ್ಟುವ ಪ್ರತಿಯೊಬ್ಬ ಉದ್ದಿಮೆದಾರನಿಗೂ ಈ ಕಷ್ಟ ಪರಿಚಿತ. ಪೂರ್ಣಯ್ಯನವರು ಈ ಕಂತುಗಳನ್ನು ನಿಭಾಯಿಸಿ, 1811ರಲ್ಲಿ ಅಧಿಕಾರ ಬಿಡುವಾಗ ಎರಡು ಕೋಟಿ ರೂಪಾಯಿಗೂ ಮೀರಿದ ಹಣವನ್ನು ಖಜಾನೆಯಲ್ಲಿ ಉಳಿಸಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ.

ಅದೇ ಒಪ್ಪಂದದಲ್ಲಿ ಇನ್ನೊಂದು ಷರತ್ತಿತ್ತು. ಪೊಗದಿಗೆ ಧಕ್ಕೆಯಾಗುವ ಭಯವಿದ್ದರೆ ಕಂಪನಿಯು ರಾಜ್ಯದ ಆಡಳಿತವನ್ನು ಅಗತ್ಯವಿದ್ದಷ್ಟರ ಮಟ್ಟಿಗೆ ವಹಿಸಿಕೊಳ್ಳಬಹುದಾಗಿತ್ತು. ಪೂರ್ಣಯ್ಯನವರ ನಂತರ ಉಳಿತಾಯ ಕರಗಿತು, 1830-31ರಲ್ಲಿ ನಗರ ಸೀಮೆಯಲ್ಲಿ ರೈತರ ದಂಗೆ ಎದ್ದಿತು. 1831ರ ಸೆಪ್ಟೆಂಬರ್ 7ರ ಪತ್ರದಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಅವರು, ಪೊಗದಿಯ ಕಂತುಗಳು ಸಕಾಲಕ್ಕೆ ಸಂದಾಯವಾಗುತ್ತಿಲ್ಲವೆಂಬುದನ್ನೂ ಕಾರಣವಾಗಿ ತೋರಿಸಿ, ಸಂಸ್ಥಾನದ ಆಡಳಿತವನ್ನು ಕಂಪನಿಗೆ ಒಪ್ಪಿಸಿಕೊಂಡರು. 1834ರ ಹೊತ್ತಿಗೆ ಅವರಿಗೇ ಈ ಕ್ರಮದ ನ್ಯಾಯದ ಬಗ್ಗೆ ಸಂದೇಹ ಮೂಡಿತು. ಪೊಗದಿಗೆ ತಕ್ಷಣದ ಅಪಾಯವಿರಲಿಲ್ಲವೆಂದು ಅವರು ಲಂಡನ್ನಿಗೆ ಬರೆದರು. ಆದರೆ ಕೈಬಿಟ್ಟ ಅಧಿಕಾರ ಒಡೆಯರ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ತರುವಾಯ.

ಇಂದಿನ ವರ್ತಕರಿಗೆ

ಈ ಎರಡು ಖಜಾನೆಗಳ ಅನುಭವದಿಂದ ಸಣ್ಣ ಅಂಗಡಿಗೂ ಮಗ್ಗದ ಕಾರ್ಖಾನೆಗೂ ಅನ್ವಯಿಸುವ ಕೆಲವು ಅಂಶಗಳು ಹೊರಡುತ್ತವೆ.

ನಗದು ಇಡುವವನೂ ಲೆಕ್ಕ ಬರೆಯುವವನೂ ಒಬ್ಬನೇ ಆಗಿರಬಾರದು. ಪುಸ್ತಕದ ಶಿಲ್ಕನ್ನು ಪೆಟ್ಟಿಗೆಯ ನಗದಿನೊಂದಿಗೆ ಆಗಾಗ್ಗೆ, ಅದೂ ಮುನ್ಸೂಚನೆಯಿಲ್ಲದೆ, ತಾಳೆ ನೋಡಬೇಕು. ನಗದಿನ ಹೊಣೆ ಹೊತ್ತ ನೌಕರನು ಅದೇ ಸರಕಿನಲ್ಲಿ ಸ್ವಂತ ವ್ಯಾಪಾರ ಮಾಡಲು ಅವಕಾಶವಿರಬಾರದು. ವಸೂಲಾದ ಹಣ ಬ್ಯಾಂಕಿಗೆ ಜಮಾ ಆಗುವ ಅವಧಿ ಆದಷ್ಟು ಕಡಿಮೆಯಿರಬೇಕು. ಗಿರಾಕಿಗಳ ಮತ್ತು ಸರಬರಾಜುದಾರರ ದೂರು ಮಾಲೀಕನನ್ನು ನೇರವಾಗಿ ತಲುಪುವ ದಾರಿಯಿರಬೇಕು. ಕೊನೆಯದಾಗಿ, ಒಪ್ಪಂದಕ್ಕೆ ಸಹಿ ಹಾಕುವಾಗ ಕಂತಿನ ಮೊತ್ತವನ್ನು ಓದುವಷ್ಟೇ ಎಚ್ಚರದಿಂದ, ಕಂತು ತಪ್ಪಿದರೆ ಏನಾಗುವುದೆಂಬ ಷರತ್ತನ್ನೂ ಓದಬೇಕು. ಮೈಸೂರು ಅರ್ಧ ಶತಮಾನದ ಕಾಲ ತನ್ನ ಆಡಳಿತವನ್ನು ಕಳೆದುಕೊಂಡದ್ದು ಅಂಥದೊಂದು ಷರತ್ತಿನ ಬಲದಿಂದ.

ನಂಬಿಕೆಯಿಲ್ಲದೆ ವ್ಯಾಪಾರವಿಲ್ಲ, ನಿಜ. ಆದರೆ ತಾಳೆ ನೋಡಿದ ಲೆಕ್ಕವು ಪ್ರಾಮಾಣಿಕ ನೌಕರನಿಗೆ ಅವಮಾನವಲ್ಲ, ಅದು ಅವನಿಗೆ ರಕ್ಷಣೆ. ಕೊಳ್ಳೇಗಾಲದ ರೈತನು ಕಟ್ಟಿದ ಹಣ ಕೊಯಮತ್ತೂರಿನಲ್ಲಿ ಯಾರ ವ್ಯಾಪಾರಕ್ಕೆ ಬಂಡವಾಳವಾಯಿತೆಂಬುದನ್ನು ತಿಳಿಯಲು ಸರ್ಕಾರಕ್ಕೆ ವರ್ಷಗಳೇ ಹಿಡಿದವು. ಇಂದಿನ ವರ್ತಕನಿಗೆ ದಿನದ ಕೊನೆಗೆ ಅರ್ಧ ಗಂಟೆ ಸಾಕು.