ಬೀಡಿ ಕಟ್ಟಿದ ಮನೆಯ ಹುಡುಗನೂ ತಂತಿಯ ಸುರುಳಿಯೂ

ನಮ್ಮ ಕುಂಬಳೆ, ಮಂಜೇಶ್ವರ ಕಡೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿಗೆ ಲೆಕ್ಕವಿಲ್ಲ. ನನ್ನ ಅಕ್ಕನೂ ಅವರಲ್ಲಿ ಒಬ್ಬಳು. ಮೊರ ಮಡಿಲಲ್ಲಿಟ್ಟುಕೊಂಡು, ನೆನೆಸಿದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಟಿ, ನೂಲು ಸುತ್ತಿ, ತಲೆ ಮಡಚುವ ಹೊತ್ತಿಗೆ ನಾವು ಕಣ್ಣು ಮಿಟುಕಿಸಿ ಮುಗಿದಿರುತ್ತಿರಲಿಲ್ಲ. ಅವಳ ಮಗ ಹದಿನೇಳರಲ್ಲೇ ತಾಯಿಯ ಮೊರದಿಂದ ಬೀಡಿ ಕದ್ದು ಸೇದಲಿಕ್ಕೆ ಶುರು ಮಾಡಿದವನು. ಈಗ ಶಾರ್ಜಾದಲ್ಲಿದ್ದಾನೆ, ಎ.ಸಿ. ರಿಪೇರಿ ಕೆಲಸ. ಬೀಡಿ ಬಿಟ್ಟು ಮೂರು ವರ್ಷವಾಯಿತು ಎನ್ನುತ್ತಾನೆ. ಬಿಟ್ಟದ್ದು ಹೇಗೆ ಎಂದು ಕೇಳಿದರೆ ಕಿಸೆಯಿಂದ ಒಂದು ಯಂತ್ರ ತೆಗೆದು ತೋರಿಸುತ್ತಾನೆ. ಅದರ ಮೇಲೆ ಕುಂಕುಮದ ಕರಡಿಗೆಯಷ್ಟು ದೊಡ್ಡ ಉಕ್ಕಿನ ಭರಣಿ. ಅದರ ಹೆಸರು ಅಟೊಮೈಸರ್.

ಕಳೆದ ವರ್ಷ ನಾನು ಅವನಲ್ಲಿಗೆ ಹೋಗಿದ್ದಾಗ ಅವನ ಹಳೇ ಭರಣಿಯ ತಿರುಪು ಸವೆದು ಹೊಸದು ಬೇಕಾಗಿತ್ತು. "ಮಾಮ, ನೀವೂ ಬನ್ನಿ" ಅಂದ. ದುಬೈಯ ಕರಾಮಾದ ಒಂದು ಅಂಗಡಿಗೆ ಹೋದೆವು. ಗಾಜಿನ ಕಪಾಟಿನಲ್ಲಿ ನೂರಾರು ಭರಣಿಗಳು, ಬೆಳ್ಳಿ ಅಂಗಡಿಯ ಹಾಗೆ! ನಾನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಆದರೂ ಆ ಸಂಜೆ ಎರಡು ಗಂಟೆ ಹೊತ್ತು ಅಲ್ಲಿ ಕಲಿತದ್ದನ್ನು ಬರೆಯಬೇಕೆನ್ನಿಸಿತು. ಯಾಕೆಂದರೆ ಕೊಲ್ಲಿಯಲ್ಲಿರುವ ನಮ್ಮ ಹುಡುಗರ ಕೈಯಲ್ಲಿ ಇದು ಉಂಟು, ಊರಿನ ತಾಯಿ ತಂದೆಯರಿಗೆ ಇದು ಎಂಥದು ಅಂತಲೇ ಗೊತ್ತಿಲ್ಲ.

ಇಲ್ಲಿ ಹೊಗೆಸೊಪ್ಪು ಉರಿಯುವುದಿಲ್ಲ. ಪ್ರೊಪಿಲಿನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಪರಿಮಳ ಸೇರಿದ ದ್ರವವನ್ನು ಹತ್ತಿ ಹೀರಿಕೊಳ್ಳುತ್ತದೆ. ಹತ್ತಿಯ ಸುತ್ತ ಸಣ್ಣ ತಂತಿಸುರುಳಿ. ಬ್ಯಾಟರಿಯ ಕರೆಂಟು ಹರಿದರೆ ತಂತಿ ಕಾದು ದ್ರವ ಆವಿಯಾಗುತ್ತದೆ. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬವರಿಗೆ 1965ರಲ್ಲೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಸಿಕ್ಕಿತ್ತು, ಆದರೆ ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಈಗಿನ ಮಾದರಿಗೆ ದಾರಿ ಮಾಡಿದವರು ಚೀನಾದ ಔಷಧ ತಜ್ಞ ಹೋನ್ ಲಿಕ್, 2003ರಲ್ಲಿ. ಅವರೂ ವಿಪರೀತ ಸಿಗರೇಟು ಸೇದುತ್ತಿದ್ದವರು.

ಸಾಮಾನ್ಯ ಯಂತ್ರದಲ್ಲಿ ಸುರುಳಿ ಸುಟ್ಟರೆ ಆ ಇಡೀ ತುಂಡನ್ನೇ ಎಸೆದು ಕಂಪೆನಿಯದ್ದೇ ಇನ್ನೊಂದು ಕೊಳ್ಳಬೇಕು. ಮರುಕಟ್ಟುವ ಅಟೊಮೈಸರಿನಲ್ಲಿ ಹಾಗಲ್ಲ. ತಂತಿಯನ್ನು ನೀವೇ ಸುತ್ತುತ್ತೀರಿ, ಹತ್ತಿಯನ್ನು ನೀವೇ ತುರುಕುತ್ತೀರಿ. ಒಂದು ಉಂಡೆ ತಂತಿ, ಒಂದು ಪೊಟ್ಟಣ ಹತ್ತಿ ಇದ್ದರೆ ತಿಂಗಳುಗಟ್ಟಲೆ ಸಾಕು. ಬೀಡಿ ಕಟ್ಟಿದ ಮನೆಯ ಹುಡುಗನಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವೇನು?

ಅಂಗಡಿಯಲ್ಲಿದ್ದವನು ಕಾಞಂಗಾಡಿನ ಹುಡುಗ. ಮಲಯಾಳವೂ ಬರುತ್ತದೆ, ತುಳುವೂ ಬರುತ್ತದೆ. ಮೊದಲು ಕೇಳಿದ ಪ್ರಶ್ನೆಯೇ ಸರಿಯಾದದ್ದು: "ಎಳೆಯುವುದು ಹೇಗೆ, ಬೀಡಿಯ ಹಾಗಾ, ಹುಕ್ಕಾದ ಹಾಗಾ?" ಬೀಡಿ ಸೇದುವವರು ಹೊಗೆಯನ್ನು ಮೊದಲು ಬಾಯಿಗೆ ಎಳೆದು ಆಮೇಲೆ ಒಳಗೆ ಬಿಡುತ್ತಾರೆ. ಅವರಿಗೆ ಗಾಳಿಯ ಕಿಂಡಿ ಸಣ್ಣದು ಬೇಕು. ಸುರುಳಿಯ ತಡೆ ಒಂದು ಓಮ್ ಆಸುಪಾಸು, ಶಕ್ತಿ ಹತ್ತು ಹದಿನೈದು ವಾಟ್ ಸಾಕು. ಹುಕ್ಕಾದ ಹಾಗೆ ನೇರ ಎದೆಗೆ ಎಳೆಯುವವರಿಗೆ ಕಿಂಡಿ ದೊಡ್ಡದು, ತಡೆ 0.2ರಿಂದ 0.5 ಓಮ್, ವಾಟ್ ನಲವತ್ತು ಐವತ್ತರ ಮೇಲೆ. ಕೋಣೆ ತುಂಬ ಮೋಡ, ದ್ರವ ಕುಡಿದ ಹಾಗೆ ಖಾಲಿ. ಬೀಡಿ ಬಿಡಬೇಕೆನ್ನುವವನು ಈ ಮೋಡದ ಆಸೆಗೆ ಬಿದ್ದರೆ ಕೆಟ್ಟ ಎಂದೇ ನನ್ನ ಎಣಿಕೆ. ನಮ್ಮವನು ಮೊದಲ ಸಲ ಅದನ್ನೇ ಕೊಂಡಿದ್ದನಂತೆ, ಗೆಳೆಯರ ಮುಂದೆ ತೋರಿಸಲಿಕ್ಕೆ. ವಾರದೊಳಗೆ ಕೆಮ್ಮು ಬಂದು ಬೀಡಿಗೇ ಮರಳಿದ.

ಎರಡನೆಯದು ತೊಟ್ಟಿ. ತೊಟ್ಟಿಯೇ ಇಲ್ಲದ ಭರಣಿ ಉಂಟು, ಅದನ್ನು ಡ್ರಿಪ್ಪರ್ ಎನ್ನುತ್ತಾರೆ. ನಾಲ್ಕು ದಮ್ಮಿಗೊಮ್ಮೆ ಹತ್ತಿಗೆ ಹನಿ ಬಿಡುತ್ತಾ ಕೂರಬೇಕು. ಏಣಿಯ ಮೇಲೆ ನಿಂತು ಎ.ಸಿ. ಬಿಚ್ಚುವವನಿಗೆ ಇದು ಆಗುವ ಕೆಲಸವಾ? ಅವನಿಗೆ ತೊಟ್ಟಿಯದ್ದೇ ಬೇಕು. ತೊಟ್ಟಿ ಎಂದರೆ ಸೋರುವ ಭಯ. ಗಾಳಿಯ ಕಿಂಡಿ ಬುಡದಲ್ಲಿದ್ದರೆ ಸೋರಿಕೆ ಹೆಚ್ಚು, ಮೇಲೆ ಇದ್ದರೆ ಕಡಿಮೆ. ಬ್ರಿಟನ್ನಿನಲ್ಲಿರುವವರು ಕೇಳುವುದಿದ್ದರೆ, ಯುರೋಪಿನ ನಿಯಮ 2016ರಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿ ತೊಟ್ಟಿ 2 ಮಿಲಿಲೀಟರ್ ಮೀರುವಂತಿಲ್ಲ, ದ್ರವದಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ.

ಇನ್ನು ಭರಣಿಯ ಒಳಗಿನ ಕಟ್ಟೆ. ತಂತಿಯ ಎರಡು ತುದಿಗಳನ್ನು ತಿರುಪಿನಲ್ಲಿ ಬಿಗಿಯುವ ಜಾಗ ಇದು. ಎರಡು ಸುರುಳಿ ಕೂರುವ ಕಟ್ಟೆಯೂ ಉಂಟು, ಆದರೆ ಹೊಸಬರು ಅತ್ತ ನೋಡುವುದೇ ಬೇಡ. ಎರಡೂ ಒಟ್ಟಿಗೆ ಸಮನಾಗಿ ಕಾಯದಿದ್ದರೆ ಒಂದು ಸುಡುತ್ತದೆ, ಇನ್ನೊಂದು ಸುಮ್ಮನೆ ಕೂರುತ್ತದೆ. ಒಂದೇ ಸುರುಳಿ, ಕೈಯಾಡುವಷ್ಟು ಜಾಗ, ದಪ್ಪ ತಲೆಯ ತಿರುಪು ಇವಿಷ್ಟು ಸಾಕು. ತಿರುಪನ್ನು ಅಂಗಡಿಯಲ್ಲೇ ಬಿಚ್ಚಿ ಹಾಕಿ ನೋಡಬೇಕು. ಅಗ್ಗದ ನಕಲಿ ಮಾಲಿನಲ್ಲಿ ಮೊದಲು ಕೈಕೊಡುವುದು ಅದೇ. ಭರಣಿಯ ಅಗಲವೂ ಯಂತ್ರಕ್ಕೆ ಹೊಂದಬೇಕು. 22 ಮಿಲಿಮೀಟರಿನ ತಲೆಯ ಮೇಲೆ 25ರದ್ದು ಕೂರಿಸಿದರೆ ಅಂಚು ಹೊರಗೆ ಚಾಚಿ ನಿಲ್ಲುತ್ತದೆ.

ತಂತಿಯಲ್ಲೂ ಜಾತಿಗಳುಂಟು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕಾಂತಾಲ್ ಕಲಿಯುವವರಿಗೆ ಒಳ್ಳೆಯದು. ನಿಕ್ರೋಮ್ ಬೇಗ ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದು ಉಷ್ಣತೆ ನಿಯಂತ್ರಿಸುವ ಯಂತ್ರಕ್ಕೂ ಆಗುತ್ತದೆ. ನಿಕ್ಕೆಲ್, ಟೈಟಾನಿಯಂ ತಂತಿಗಳನ್ನು ಅಂಥ ಯಂತ್ರದ ಹೊರಗೆ ಬಳಸಲೇಬಾರದು. ನಮ್ಮವನು 28 ಗೇಜಿನ ಕಾಂತಾಲ್ ತೆಗೆದುಕೊಂಡು ಎರಡೂವರೆ ಮಿಲಿಮೀಟರ್ ಕಡ್ಡಿಗೆ ಆರು ಸುತ್ತು ಸುತ್ತಿದ. ಮೀಟರಿನಲ್ಲಿ ಒಂದು ಓಮ್ ಹತ್ತಿರ ತೋರಿಸಿತು. ನನಗೆ ಅಕ್ಕನ ಬೆರಳುಗಳ ನೆನಪಾಯಿತು.

ರಾತ್ರಿ ಕೋಣೆಗೆ ಬಂದು ಫೋನಿನಲ್ಲಿ ಅಕ್ಕನಿಗೂ ತೋರಿಸಿದ. ಸುರುಳಿಯೊಳಗೆ ಹತ್ತಿ ಎಳೆಯುವುದನ್ನು ಅವಳು ಕಣ್ಣು ಸಣ್ಣ ಮಾಡಿ ನೋಡಿದಳು. "ಬಿಗಿ ಆಯ್ತು ಮಗಾ" ಅಂದಳು. ಅವಳಿಗೆ ಅದರ ಗಂಧಗಾಳಿ ಗೊತ್ತಿಲ್ಲ, ಆದರೂ ಮಾತು ನೂರಕ್ಕೆ ನೂರು ಸರಿ! ಬೀಡಿ ಬಿಗಿಯಾದರೆ ಎಳೆಯಲಿಕ್ಕಾಗುವುದಿಲ್ಲ, ಸಡಿಲಾದರೆ ಹೊಗೆಸೊಪ್ಪು ಉದುರುತ್ತದೆ. ಹತ್ತಿ ಬಿಗಿಯಾದರೆ ದ್ರವ ಏರುವುದಿಲ್ಲ, ಸಡಿಲಾದರೆ ಸೋರುತ್ತದೆ. ದ್ರವ ಏರದೆ ಒಣ ಹತ್ತಿ ಕರಟಿದರೆ ಗಂಟಲು ಸುಡುವುದಷ್ಟೇ ಅಲ್ಲ, ಫಾರ್ಮಾಲ್ಡಿಹೈಡ್‌ನಂಥ ವಿಷವೂ ಹುಟ್ಟುತ್ತದೆ. ಅವನು ಹತ್ತಿಯನ್ನು ತೆಗೆದು, ಎಳೆ ತೆಳ್ಳಗೆ ಮಾಡಿ ಮತ್ತೆ ಹಾಕಿದ.

ಬ್ಯಾಟರಿ ಮಾತ್ರ ಆಟದ ಸಾಮಾನಲ್ಲ. ಸಾಲೆಯಲ್ಲಿ ಓಮನ ನಿಯಮ ಉರುಹೊಡೆದವರು ಲೆಕ್ಕ ಹಾಕಿ ನೋಡಬಹುದು. ತುಂಬಿದ ಲಿಥಿಯಂ ಬ್ಯಾಟರಿ 4.2 ವೋಲ್ಟ್. ಸುರುಳಿ ಒಂದು ಓಮ್ ಇದ್ದರೆ ಹರಿಯುವುದು 4.2 ಆಂಪಿಯರ್, 0.2 ಓಮ್ ಇದ್ದರೆ 21 ಆಂಪಿಯರ್. 20 ಆಂಪಿಯರಿನ ಬ್ಯಾಟರಿಗೆ ಅದು ಮಿತಿ ಮೀರಿದ್ದು. ಸುರಕ್ಷಾ ಸರ್ಕ್ಯೂಟ್ ಇರುವ ಯಂತ್ರವಾದರೆ ತಡೆಯುತ್ತದೆ. ಬರೀ ಕೊಳವೆಯಂತಿರುವ ಮೆಕ್ಯಾನಿಕಲ್ ಯಂತ್ರಕ್ಕೆ ತಡೆಯುವವರು ಯಾರು? ಅದರಲ್ಲೂ ಅಟೊಮೈಸರಿನ ಬುಡದ ನಡುವಿನ ಪಿನ್ ಹೊರಗೆ ಚಾಚಿರದಿದ್ದರೆ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ 2018ರಲ್ಲಿ, ಟೆಕ್ಸಾಸಿನಲ್ಲಿ 2019ರಲ್ಲಿ ಇಂಥ ಯಂತ್ರ ಸಿಡಿದು ಜನ ಸತ್ತಿದ್ದಾರೆ. "ಕೊಳವೆ ಬೇಡವೇ ಬೇಡ" ಎಂದು ನಾನು ಅಂಗಡಿಯಲ್ಲೇ ಗದರಿಸಿದೆ. ಆ ವಿಷಯದಲ್ಲಿ ಮಾಮನ ಮಾತು ನಡೆಯಿತು.

ಊರಿನ ದಾರಿಯಲ್ಲಿ

ಇಷ್ಟೆಲ್ಲ ಆರಿಸಿ ಕೊಂಡದ್ದನ್ನು ಅವನು ಊರಿಗೆ ತರುವಂತಿಲ್ಲ. ಯು.ಎ.ಇ.ಯಲ್ಲಿ 2019ರ ಏಪ್ರಿಲಿನಿಂದ ಇದರ ಮಾರಾಟಕ್ಕೆ ಅನುಮತಿ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತ ಸರಕಾರ ಸುಗ್ರೀವಾಜ್ಞೆ ತಂದು ನಿಷೇಧಿಸಿತು, ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ಕರ್ನಾಟಕದಲ್ಲಂತೂ 2016ರಲ್ಲೇ ನಿಷೇಧ ಬಂದಿತ್ತು. ಆಮದು ಮಾಡಿದರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬ್ಯಾಟರಿ ಬಿಟ್ಟು ಬರೀ ಭರಣಿ ತಂದರೆ ಆಗದಾ ಎಂದು ಕೇಳುವವರಿದ್ದಾರೆ. ಆಗದು. ಕಾಯಿದೆ ಇಡೀ ಯಂತ್ರವನ್ನಷ್ಟೇ ಅಲ್ಲ, ಅದರ ಯಾವುದೇ ಭಾಗವನ್ನೂ ಹೆಸರಿಸಿದೆ. ಅಂದ ಮೇಲೆ ಇಲ್ಲಿ ಇದನ್ನು ಹುಡುಕಿಕೊಂಡು ಹೋಗುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ. ಬೀಡಿ ಸಿಗರೇಟು ಸೇದದವರು ಎಲ್ಲಿದ್ದರೂ ಇದರ ಹತ್ತಿರ ಸುಳಿಯಬೇಕಾದ್ದೂ ಇಲ್ಲ. ನಿಕೋಟಿನ್ ಚಟವೇ.

ಹಾಗಾದರೆ ರಜೆಯ ಒಂದು ತಿಂಗಳು ಏನು ಮಾಡುವುದು? ಇದೇ ನಿಜವಾದ ತೊಡಕು. ಯಂತ್ರಕ್ಕೆ ನಿಷೇಧ, ಮನೆಯ ಎದುರಿನ ಗೂಡಂಗಡಿಯಲ್ಲಿ ಬೀಡಿಗೆ ಇಲ್ಲ. ಮೊದಲ ರಜೆಯಲ್ಲಿ ಬಜ್ಪೆಯಲ್ಲಿ ಇಳಿದ ಮೂರನೇ ದಿನ ಅವನು ಅಲ್ಲಿಗೇ ಹೋದ, ತಿಂಗಳಿಡೀ ಸೇದಿದ. ಅಕ್ಕ ನೋಡಿಯೂ ನೋಡದ ಹಾಗೆ ಇದ್ದಳು. ತಾನೇ ಕಟ್ಟಿದ್ದನ್ನು ಸೇದಬೇಡ ಎನ್ನಲಿಕ್ಕೆ ಅವಳಿಗೆ ಬಾಯಿ ಬರುವುದಿಲ್ಲ. ಮಗನ ಫೀಸಿನ ದುಡ್ಡು ಬಂದದ್ದೂ ಅದೇ ಕಟ್ಟಿನಿಂದ.

ಈ ಸಲ ಅವನು ಉಪಾಯ ಮಾಡಿದ್ದ. ಮರುಕಟ್ಟುವ ಭರಣಿಯಲ್ಲಿ ದ್ರವ ನಾವೇ ತುಂಬುವುದಷ್ಟೆ. ರಜೆಗೆ ಮೂರು ತಿಂಗಳು ಮೊದಲೇ ಮಿಲಿಲೀಟರಿಗೆ 12 ಮಿಲಿಗ್ರಾಂ ಇದ್ದ ನಿಕೋಟಿನನ್ನು 6ಕ್ಕೆ, ಆಮೇಲೆ 3ಕ್ಕೆ ಇಳಿಸಿದ. ಊರಿಗೆ ಬಂದವನೇ ಔಷಧದಂಗಡಿಯಿಂದ ನಿಕೋಟಿನ್ ಗಮ್ ತಂದ. ತಂಬಾಕು ಬಿಡುವವರ ಉಚಿತ ಸಹಾಯವಾಣಿ 1800-112-356ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಿದ. ತಿಂಗಳಲ್ಲಿ ಸೇದಿದ್ದು ಎರಡೇ ಬೀಡಿ, ಅದೂ ತಮ್ಮನ ಮದುವೆಯ ಹಿಂದಿನ ರಾತ್ರಿ. ಅಕ್ಕ ಲೆಕ್ಕ ಇಟ್ಟಿದ್ದಳು!

ಹೊರಡುವ ದಿನ ಪೆಟ್ಟಿಗೆಗೆ ಹಪ್ಪಳ, ಉಪ್ಪಿನಕಾಯಿ ತುಂಬುತ್ತಾ ಅವಳು ಕೇಳಿದಳು: "ಅಲ್ಲಿಯ ಆ ಭರಣಿಯ ಹತ್ತಿ ಒಣಗಿರಬಹುದಲ್ಲ, ಹೋದವನೇ ಹಾಗೇ ಎಳೀಬೇಡ." ಅವನು ನಕ್ಕು, "ಎಳೆಯುವುದೇ ಬೇಡಾಂತ ನೋಡ್ತಾ ಇದ್ದೇನೆ ಅಮ್ಮಾ" ಅಂದ. ಮೊನ್ನೆ ಫೋನು ಬಂದಿತ್ತು. ಹತ್ತಿ ಇನ್ನೂ ಬದಲಾಯಿಸಿಲ್ಲವಂತೆ.