ಮೊಬೈಲಿಗೆ ಒಂದಿಷ್ಟು ಆಕಾಶ ತೋರಿಸಿ

ಬೆಂಗಳೂರಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೊರಟ ಟ್ಯಾಕ್ಸಿ. ಗೇರಿನ ಪಕ್ಕದ ಕಪ್ ಹೋಲ್ಡರಿನಲ್ಲಿ ಚಾಲಕನ ಫೋನು ಒರಗಿ ನಿಂತಿದೆ. ಪರದೆಯ ಮೇಲಿನ ನೀಲಿ ಬಾಣ ಒಮ್ಮೆ ಪಕ್ಕದ ಅಡ್ಡರಸ್ತೆಗೆ ಹಾರುತ್ತದೆ, ಒಮ್ಮೆ ವಾಪಸ್ ಬರುತ್ತದೆ, ಮತ್ತೊಮ್ಮೆ ತನ್ನ ಸುತ್ತ ತಾನೇ ಗಿರಗಿರ ತಿರುಗಿ ಯು-ಟರ್ನ್ ಮಾಡಿ ಎನ್ನುತ್ತದೆ.

‘ಅಣ್ಣಾ, ಮ್ಯಾಪ್ ಯಾಕೆ ಹಿಂಗೆ ಆಡ್ತಿದೆ?’ ಎಂದು ಹಿಂದಿನ ಸೀಟಿನಿಂದ ಪ್ರಶ್ನೆ.

‘ಈ ರೋಡಲ್ಲಿ ದಿನಾ ಇದೇ ಗೋಳು ಮೇಡಂ. ನಾವು ಮೇಲಿದೀವಾ, ಕೆಳಗಿದೀವಾ ಅಂತ ಅದಕ್ಕೇ ಗೊತ್ತಾಗಲ್ಲ.’

ಆತ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಇಲ್ಲಿ ಸುಮಾರು 3.3 ಕಿಲೋಮೀಟರ್ ಉದ್ದಕ್ಕೆ ಎರಡಂತಸ್ತಿನ ಮೇಲ್ಸೇತುವೆಯಿದೆ. ನೆಲದಲ್ಲೊಂದು ರಸ್ತೆ, ಅದರ ಮೇಲೆ 2024ರ ಜುಲೈನಲ್ಲಿ ವಾಹನಗಳಿಗೆ ತೆರೆದ ಫ್ಲೈಓವರ್, ಅದರ ಮೇಲೆ ಮೆಟ್ರೊ ಹಳದಿ ಮಾರ್ಗ. ಭೂಪಟದ ಲೆಕ್ಕದಲ್ಲಿ ಮೂರೂ ಒಂದೇ ಗೆರೆ. ಕೆಳಗಿನ ರಸ್ತೆಯಲ್ಲಿ ಹೋಗುವ ಕಾರಿನ ನೆತ್ತಿಯ ಮೇಲೆ ಎರಡು ಕಾಂಕ್ರೀಟ್ ಚಾವಣಿಗಳಿರುತ್ತವೆ. ಆ ಚಾವಣಿಯ ಅಂಚಿನಿಂದ ಇಣುಕುವ ಆಕಾಶವೇ ಫೋನಿಗೆ ಗತಿ. ಇನ್ನು ಎತ್ತರ ಅಳೆಯುವುದರಲ್ಲಂತೂ ಜಿಪಿಎಸ್ ಮೊದಲಿನಿಂದಲೂ ಹಿಂದೆ. ಸಂಕೇತಗಳೆಲ್ಲ ಮೇಲಿನಿಂದಲೇ ಬರುತ್ತವೆ, ಕಾಲಡಿಯಿಂದ ಒಂದೂ ಬರುವುದಿಲ್ಲ. ಹಾಗಾಗಿ ನೆಲದ ಮೇಲಿನ ಜಾಗ ಹೇಳುವಾಗ ಆಗುವ ತಪ್ಪಿಗಿಂತ ಎತ್ತರ ಹೇಳುವಾಗ ಆಗುವ ತಪ್ಪು ದೊಡ್ಡದು. ಫ್ಲೈಓವರ್ ಇರುವುದು ನೆಲದಿಂದ ಎರಡು ಮಹಡಿಯಷ್ಟು ಮೇಲೆ. ಅಷ್ಟು ಸಣ್ಣ ವ್ಯತ್ಯಾಸವನ್ನು ನಂಬಿಕೊಂಡು ಫೋನು ತೀರ್ಮಾನಕ್ಕೆ ಬರಲಾರದು. ಗೂಗಲ್ ಮ್ಯಾಪ್ಸ್ 2024ರ ಜುಲೈನಲ್ಲಿ ಭಾರತದ 40 ನಗರಗಳಲ್ಲಿ ಫ್ಲೈಓವರ್ ಹತ್ತಬೇಕೆಂದು ಮುಂಚೆಯೇ ಹೇಳುವ ಸೌಲಭ್ಯ ತಂದಿತು. ಹತ್ತುವ ಮೊದಲು ಅದರಿಂದ ನಿಜಕ್ಕೂ ಅನುಕೂಲ. ಹತ್ತಿಲ್ಲವೆಂಬುದು ತಿಳಿಯಬೇಕಾದರೆ ಮಾತ್ರ ಮತ್ತೆ ಆಕಾಶದ ಕಡೆಗೇ ನೋಡಬೇಕು.

ಇಂಥ ಹೊತ್ತಿನಲ್ಲಿ ನಮ್ಮ ಜನ ಬೈಯುವುದು ಮ್ಯಾಪನ್ನು. ಬಹಳ ಸಲ ತಪ್ಪು ಮ್ಯಾಪಿನದಲ್ಲ. ಫೋನು ತನ್ನ ಜಾಗವನ್ನೇ ಸರಿಯಾಗಿ ಹಿಡಿಯಲಾಗದೆ ಒದ್ದಾಡುತ್ತಿರುತ್ತದೆ. ಆ ಒದ್ದಾಟದಲ್ಲಿ ಒಂದು ಪಾಲು ನಾವು ಅದನ್ನು ಕಾರಿನಲ್ಲಿ ಎಲ್ಲಿ ಇಟ್ಟಿದ್ದೇವೆ ಎಂಬುದರಿಂದಲೇ ಬಂದದ್ದು.

ಜಿಪಿಎಸ್ ಉಪಗ್ರಹಗಳು ಸುತ್ತುವುದು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟ ರೇಡಿಯೊ ಸಂಕೇತ ನಮ್ಮನ್ನು ತಲುಪಲು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಆದರೆ ತಲುಪುವ ಹೊತ್ತಿಗೆ ಅದರ ಕಸುವೆಲ್ಲ ಸೋರಿಹೋಗಿರುತ್ತದೆ. ಒಂದು ವ್ಯಾಟ್ ಶಕ್ತಿಯನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಸಿಗುವಷ್ಟು ಶಕ್ತಿ ಮಾತ್ರ ಬಯಲಿನಲ್ಲಿ ನಿಂತ ಆಂಟೆನಾಗೆ ದಕ್ಕುತ್ತದೆ. ಫೋನಿನೊಳಗೆ ಸಹಜವಾಗಿ ಇರುವ ವಿದ್ಯುತ್ ಗದ್ದಲಕ್ಕಿಂತಲೂ ಇದು ಕ್ಷೀಣ. ಆದರೂ ಚಿಪ್ ಅದನ್ನು ಹೆಕ್ಕುತ್ತದೆ. ಹೇಗೆಂದರೆ, ಪ್ರತಿ ಉಪಗ್ರಹಕ್ಕೂ 1,023 ಅಂಕಿಗಳ ತನ್ನದೇ ಸಾಲೊಂದಿದ್ದು, ಸೆಕೆಂಡಿಗೆ ಸಾವಿರ ಸಲ ಅದನ್ನೇ ಹಾಡುತ್ತಿರುತ್ತದೆ. ಫೋನಿಗೆ ಆ ಸಾಲು ಬಾಯಿಪಾಠ. ಜಾತ್ರೆಯ ಗದ್ದಲದಲ್ಲಿ ಎಲ್ಲೋ ದೂರದಲ್ಲಿ ಕೇಳಿದ ಪರಿಚಿತ ಪದವನ್ನು ಕಿವಿ ಹಿಡಿದುಬಿಡುವಂತೆ ಅದು ಗುರುತಿಸುತ್ತದೆ. ಹಾಗೆ ನಾಲ್ಕು ಉಪಗ್ರಹಗಳ ದನಿ ಸಿಕ್ಕಿತೆಂದರೆ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯ ನಾಲ್ಕೂ ಲೆಕ್ಕಕ್ಕೆ ಬರುತ್ತವೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಆಚೀಚೆಯಾದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ.

ಇಂಥ ನವಿರಾದ ಸಂಕೇತಕ್ಕೆ ನಾವು ಅಡ್ಡ ಹಿಡಿಯುವುದು ಕಾರಿನ ಉಕ್ಕಿನ ಚಾವಣಿಯನ್ನು!

ಮನೆಯಿಂದ ಹೊರಡುವ ಮುಂಚೆ ಇದನ್ನು ಕಣ್ಣಾರೆ ಕಾಣಬಹುದು. ಆಂಡ್ರಾಯ್ಡ್ ಫೋನಿಗೆ ಜಿಪಿಎಸ್‌ಟೆಸ್ಟ್ ಎಂಬ ಆ್ಯಪ್ ಸಿಗುತ್ತದೆ. ತೆರೆದರೆ ಆ ಕ್ಷಣಕ್ಕೆ ಫೋನಿಗೆ ಕೇಳಿಸುತ್ತಿರುವ ಉಪಗ್ರಹಗಳ ಪಟ್ಟಿ, ಪ್ರತಿಯೊಂದರ ಮುಂದೆ ಸಂಕೇತದ ಬಲ ಸೂಚಿಸುವ ಒಂದು ಅಂಕಿ. ಬಯಲಿನಲ್ಲಿ ಹಲವು ಉಪಗ್ರಹಗಳ ಅಂಕಿ 40ನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಈಗ ಕಾರಿನೊಳಗೆ ಕೂತು ಫೋನನ್ನು ಮುಂಗಾಜಿನ ಹತ್ತಿರ ಹಿಡಿಯಿರಿ. ಮುಂದಿನ ಆಕಾಶದಲ್ಲಿರುವ ಉಪಗ್ರಹಗಳ ಅಂಕಿ ಹೆಚ್ಚೇನೂ ಬೀಳುವುದಿಲ್ಲ, ಹಿಂದಿನವು ಕುಗ್ಗುತ್ತವೆ. ಅದನ್ನೇ ನಿಧಾನಕ್ಕೆ ಕಪ್ ಹೋಲ್ಡರಿಗೆ ಇಳಿಸಿ ಒಂದು ನಿಮಿಷ ಬಿಡಿ. ಅಂಕಿಗಳು ಒಂದೊಂದಾಗಿ ಇಳಿಯುತ್ತವೆ, ಕೆಲವು ಸಾಲುಗಳು ಮಾಯವಾಗುತ್ತವೆ. ಈ ಅಂಕಿಯಲ್ಲಿ 10 ಕಡಿಮೆಯಾಯಿತೆಂದರೆ ಸಂಕೇತದ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯಿತೆಂದು ಅರ್ಥ. 20 ಇಳಿದರೆ ನೂರನೇ ಒಂದು ಭಾಗಕ್ಕೆ. ಒಂದೂವರೆ ಅಡಿ ಕೆಳಗಿಟ್ಟದ್ದಕ್ಕೆ ಇಷ್ಟು ದೊಡ್ಡ ದಂಡ.

ಹಿಂದೆ ಕಾರಿನ ಗಾಜಿಗೆ ಅಂಟಿಸಿಕೊಳ್ಳುತ್ತಿದ್ದ ನ್ಯಾವಿಗೇಟರ್ ಸಾಧನಗಳು ಈ ವಿಷಯದಲ್ಲಿ ಪುಣ್ಯವಂತರು. ಆಕಾಶದ ಕಡೆ ಮುಖ ಮಾಡಿದ, ಬಿಲ್ಲೆಯಾಕಾರದ ಸಿರಾಮಿಕ್ ಆಂಟೆನಾ ಅವುಗಳಲ್ಲಿ ಇರುತ್ತಿತ್ತು. ಫೋನಿನಲ್ಲಿ ಅಷ್ಟು ಜಾಗ ಎಲ್ಲಿದೆ? ಕ್ಯಾಮೆರಾ, ಬ್ಯಾಟರಿ, ವೈ-ಫೈ, 5ಜಿ ಎಲ್ಲದರ ನಡುವೆ ಅಂಚಿನ ಒಂದು ಲೋಹದ ಪಟ್ಟಿಯಲ್ಲೇ ಜಿಪಿಎಸ್ ಸಂಸಾರ ನಡೆಸಬೇಕು. ಉಪಗ್ರಹದ ಅಲೆ ತಿರುಚಿಕೊಂಡು ಬರುತ್ತದೆ, ಫೋನಿನ ಆಂಟೆನಾ ನೇರ ಅಲೆಗಷ್ಟೇ ಒಗ್ಗುವಂಥದ್ದು; ಬಂದದ್ದರಲ್ಲಿ ಅರ್ಧ ಅಲ್ಲೇ ನಷ್ಟ. ಆ ಪಟ್ಟಿ ಸಾಮಾನ್ಯವಾಗಿ ಫೋನಿನ ಮೇಲ್ಭಾಗದಲ್ಲಿರುವುದರಿಂದ ದಪ್ಪ ಲೋಹದ ಕವಚವಾಗಲಿ, ಹೋಲ್ಡರಿನ ಕಬ್ಬಿಣದ ತಗಡಾಗಲಿ ಅಲ್ಲಿಗೆ ಅಡ್ಡ ಬರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಅಯಸ್ಕಾಂತದ ಹೋಲ್ಡರಿನದು ಇನ್ನೊಂದು ತೊಂದರೆ. ಅಯಸ್ಕಾಂತ ಜಿಪಿಎಸ್ ಸಂಕೇತವನ್ನು ತಡೆಯುವುದಿಲ್ಲ. ಆದರೆ ಫೋನಿನೊಳಗಿನ ದಿಕ್ಸೂಚಿಯ ದಾರಿ ತಪ್ಪಿಸುತ್ತದೆ. ನಿಂತ ಕಾರಿನಲ್ಲಿ ಬಾಣ ಉಲ್ಟಾ ದಿಕ್ಕು ತೋರಿಸಿ, ಹತ್ತಿಪ್ಪತ್ತು ಮೀಟರ್ ಸಾಗಿದೊಡನೆ ಸರಿಹೋದರೆ ಕಾರಣ ಬಹುಶಃ ಇದೇ. ಕಾರು ಚಲಿಸತೊಡಗಿದ ಮೇಲೆ ಫೋನು ದಿಕ್ಸೂಚಿಯನ್ನು ಬಿಟ್ಟು ಚಲನೆಯಿಂದಲೇ ದಿಕ್ಕನ್ನು ಲೆಕ್ಕ ಹಾಕುತ್ತದೆ.

ಗಾಜಿನ ವಿಚಾರಕ್ಕೆ ಬಂದರೆ, ಸಾದಾ ಮುಂಗಾಜು ನಿರುಪದ್ರವಿ. ಬಿಸಿಲು ತಡೆಯಲೆಂದು ತೆಳುವಾದ ಲೋಹದ ಲೇಪ ಕೊಟ್ಟ ಗಾಜು ಹಾಗಲ್ಲ, ರೇಡಿಯೊ ಅಲೆಗಳನ್ನೂ ಅದು ತಡೆಯುತ್ತದೆ. ಅಂಥ ಕೆಲವು ಕಾರುಗಳಲ್ಲಿ ಒಳಗನ್ನಡಿಯ ಆಸುಪಾಸಿನ ಒಂದು ತುಂಡಿಗೆ ಲೇಪ ಹಚ್ಚದೆ ಬಿಟ್ಟಿರುತ್ತಾರೆ. ಫೋನಿಗೆ ಅದೇ ಕಿಟಕಿ. ಇದಕ್ಕಿಂತ ಹೆಚ್ಚು ಕಾಡುವುದು ಅಗ್ಗದ ಯುಎಸ್‌ಬಿ ಚಾರ್ಜರು ಮತ್ತು ಡ್ಯಾಶ್ ಕ್ಯಾಮೆರಾಗಳು. ಅವುಗಳೊಳಗಿನ ವಿದ್ಯುತ್ ಮಂಡಲ ಹೊರಸೂಸುವ ರೇಡಿಯೊ ಗದ್ದಲ ಪಕ್ಕದಲ್ಲಿರುವ ಫೋನಿನ ಕಿವಿಗೆ ಅಪ್ಪಳಿಸುತ್ತದೆ. ಪರೀಕ್ಷೆ ಸುಲಭ. ಜಿಪಿಎಸ್‌ಟೆಸ್ಟ್ ತೆರೆದಿಟ್ಟು ಚಾರ್ಜರನ್ನು ಕಿತ್ತು ನೋಡಿ. ಎಲ್ಲ ಅಂಕಿಗಳೂ ಒಟ್ಟಿಗೇ ಮೇಲೆದ್ದರೆ ಕಳ್ಳ ಸಿಕ್ಕಿಬಿದ್ದಂತೆ.

ಹಾಗೆಂದು ಫೋನನ್ನು ಡ್ಯಾಶ್‌ಬೋರ್ಡಿನ ನೆತ್ತಿಯಲ್ಲಿ ಏಪ್ರಿಲ್ ಬಿಸಿಲಿಗೆ ಒಡ್ಡಿದರೆ ಅದು ಬೆಂದುಹೋಗುತ್ತದೆ. ಐಫೋನ್ ಬಳಸಲು ಆ್ಯಪಲ್ ಹೇಳುವ ಮಿತಿಯೇ ಸುತ್ತಲಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾರಿನ ಹೊರಗೇ ಅದು ದಾಟಿರುತ್ತದೆ. ಬಿಸಿಯಾದ ಫೋನು ಮೊದಲು ಪರದೆಯನ್ನು ಮಬ್ಬು ಮಾಡುತ್ತದೆ, ಆಮೇಲೆ ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರು ಇಲ್ಲಿ ನಡುದಾರಿ: ಆಕಾಶವೂ ಒಂದಿಷ್ಟು ಕಾಣುತ್ತದೆ, ತಂಪೂ ಸಿಗುತ್ತದೆ, ಚಾಲಕ ತಲೆ ತಗ್ಗಿಸಬೇಕಾಗಿಯೂ ಇಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮ ಚಾಲನೆಯ ವೇಳೆ ಫೋನಿಗೆ ಅವಕಾಶ ಕೊಟ್ಟಿರುವುದು ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕದಲದಂತೆ.

ನಗರದ ಎತ್ತರದ ಕಟ್ಟಡಗಳ ನಡುವೆ ತೊಂದರೆಯ ಬಗೆಯೇ ಬೇರೆ. ಅಲ್ಲಿ ಸಂಕೇತ ಸಿಗದೆ ಹೋಗುವುದಕ್ಕಿಂತ ಸುಳ್ಳು ಹೇಳುವುದೇ ಹೆಚ್ಚು. ಗಾಜಿನ ಗೋಡೆಗೆ ಬಡಿದು ಬಳಸಿಕೊಂಡು ಬಂದ ಅಲೆಯನ್ನು ನೇರ ಬಂದದ್ದೆಂದು ಫೋನು ನಂಬಿ, ನಿಮ್ಮನ್ನು ಎದುರು ಬದಿಯ ರಸ್ತೆಗೆ ಎತ್ತಿ ಹಾಕುತ್ತದೆ. ಕರೆದ ಟ್ಯಾಕ್ಸಿ ಡಿವೈಡರಿನ ಆಚೆ ಬಂದು ನಿಲ್ಲುವುದಕ್ಕೆ ಇದೊಂದು ದೊಡ್ಡ ಕಾರಣ. ಪರಿಹಾರವೂ ಆಕಾಶದಿಂದಲೇ ಬಂದಿದೆ. ಹಳೆಯ ಎಲ್1 ತರಂಗದ ಜೊತೆಗೆ ಉಪಗ್ರಹಗಳು ಈಗ ಎಲ್5 ಎಂಬ ಇನ್ನೊಂದನ್ನೂ ಕಳಿಸುತ್ತಿವೆ. ಎಲ್1 ಸಾಲಿನ ಒಂದೊಂದು ಅಂಕಿಯೂ ಆಕಾಶದಲ್ಲಿ ಸುಮಾರು 300 ಮೀಟರ್ ಉದ್ದಕ್ಕೆ ಹರಡಿಕೊಂಡಿದ್ದರೆ, ಎಲ್5ನದು ಬರೀ 30 ಮೀಟರ್. ಹೀಗೆ ಚಿಕ್ಕದಾಗಿ ಕತ್ತರಿಸಿದ್ದರಿಂದ ನೇರ ಬಂದದ್ದು ಯಾವುದು, ಗೋಡೆಗೆ ತಾಗಿ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸಲೀಸು. ಎರಡೂ ತರಂಗ ಹಿಡಿಯುವ ಮೊದಲ ಫೋನು ಶಓಮಿಯ ಮಿ 8, ಬಂದದ್ದು 2018ರಲ್ಲಿ. ಹೊಸ ಫೋನು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವವರು ಎಲ್5 ಇದೆಯೇ ಎಂದೂ ಕೇಳಬೇಕು. ಅದರಲ್ಲೂ ನಮ್ಮ ಭಾಗದವರಿಗೆ ಇದು ಮುಖ್ಯ. ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುವುದರಿಂದ ಇಲ್ಲಿ ವಾತಾವರಣದ ಮೇಲ್ಪದರವಾದ ಅಯಾನುಗೋಳ ಸಂಜೆಯ ಮೇಲೆ ಬಹಳ ಕಲಕುತ್ತದೆ, ಸಂಕೇತವನ್ನು ತಡ ಮಾಡುತ್ತದೆ. ಎರಡು ತರಂಗಗಳಿದ್ದರೆ ಆ ತಡವನ್ನು ಫೋನು ಲೆಕ್ಕ ಹಾಕಿ ಕಳೆದುಬಿಡಬಲ್ಲದು.

ಎಲ್5 ತರಂಗವನ್ನು ಇಸ್ರೊದ ಸ್ವದೇಶಿ ಸಂಚರಣಾ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳೂ ಬಳಸುತ್ತವೆ. ಈ ವ್ಯವಸ್ಥೆಯ ಸಂಚರಣಾ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿತು. ಆಮೇಲೆ ಉಪಗ್ರಹಗಳಲ್ಲಿ ಸಮಯ ಕಾಯಲೆಂದು ವಿದೇಶದಿಂದ ತಂದ ಹಲವು ಪರಮಾಣು ಗಡಿಯಾರಗಳು ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ಮಾಡಿದ ಗಡಿಯಾರವಿದೆ, ಮಾಮೂಲಿ ಫೋನುಗಳಿಗೂ ಒಗ್ಗುವ ಎಲ್1 ತರಂಗವೂ ಇದೆ. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ಮುಟ್ಟಲಿಲ್ಲ. ನಮ್ಮ ನೆತ್ತಿಯ ಮೇಲೇ ನಿಲ್ಲುವ ಸ್ವಂತ ಉಪಗ್ರಹಗಳು ಪೂರ್ತಿ ಬಲದಲ್ಲಿದ್ದರೆ ಕಟ್ಟಡಗಳ ಸಂದಿಯಲ್ಲಿ ಸಿಕ್ಕಿಕೊಂಡ ಫೋನಿಗೆ ಎಷ್ಟು ಆಸರೆಯಾಗುತ್ತಿತ್ತು! ಆ ಕೆಲಸ ಬೇಗ ಮುಗಿಯಲಿ.

ಸಂಕೇತದ ತಪ್ಪನ್ನೂ ನಕ್ಷೆಯ ತಪ್ಪನ್ನೂ ಬೇರೆ ಮಾಡಿ ನೋಡುವುದು ಜೀವದ ಪ್ರಶ್ನೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಅರ್ಧಕ್ಕೆ ನಿಂತಿದ್ದ ಸೇತುವೆಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಪ್ರವಾಹಕ್ಕೆ ಕೊಚ್ಚಿಹೋಗಿದ್ದು ನಕ್ಷೆಗೆ ತಿಳಿದಿರಲಿಲ್ಲ. ಬಾಣ ಎಷ್ಟೇ ಕರಾರುವಾಕ್ಕಾಗಿ ನಿಂತಿದ್ದರೂ ಅದರ ಕೆಳಗಿನ ರಸ್ತೆ ಇದೆಯೋ ಇಲ್ಲವೋ ಎಂಬುದನ್ನು ಯಾವ ಉಪಗ್ರಹವೂ ಹೇಳುವುದಿಲ್ಲ. ರಾತ್ರಿ ಹೊತ್ತು ಅಪರಿಚಿತ ರಸ್ತೆಯಲ್ಲಿ ಹೋಗುವವರಿಗೆ ದಾರಿಹೋಕರನ್ನು ಕೇಳಿಕೊಳ್ಳುವ ಹಳೆಯ ಅಭ್ಯಾಸ ಈಗಲೂ ಬೇಕು.

ಇನ್ನು ಘಾಟಿಯ ಮಾತು. ಚಾರ್ಮಾಡಿ, ಆಗುಂಬೆ, ಶಿರಾಡಿಗಳಲ್ಲಿ ಒಂದು ಬದಿಗೆ ಗುಡ್ಡ ನಿಂತು ಅರ್ಧ ಆಕಾಶವನ್ನೇ ಮುಚ್ಚಿಬಿಡುತ್ತದೆ. ಮಳೆಯಿಂದ ಜಿಪಿಎಸ್ ಕೆಡುತ್ತದೆ ಎಂದು ಅನೇಕರು ನಂಬಿದ್ದಾರೆ. ಬೀಳುವ ಮಳೆಹನಿ ಈ ತರಂಗಕ್ಕೆ ಲೆಕ್ಕಕ್ಕೇ ಇಲ್ಲ. ಅದನ್ನು ಹೀರಿಕೊಳ್ಳುವುದು ರಸ್ತೆಯ ಮೇಲೆ ಬಾಗಿದ ಮರಗಳ ನೀರು ತುಂಬಿದ ಎಲೆಗಳು. ಘಾಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಹೋಗುವುದೂ ಇನ್ನೊಂದು ರೀತಿಯಲ್ಲಿ ಪೆಟ್ಟು ಕೊಡುತ್ತದೆ. ಉಪಗ್ರಹ ಎಲ್ಲಿದೆ ಎಂಬ ಮಾಹಿತಿ ಇಲ್ಲದೆ ಫೋನಿಗೆ ಲೆಕ್ಕ ಶುರುಮಾಡಲಾಗದು. ನೆಟ್‌ವರ್ಕ್ ಇದ್ದಾಗ ಆ ಮಾಹಿತಿ ಕ್ಷಣದಲ್ಲಿ ಇಳಿಯುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಉಪಗ್ರಹ ಅದನ್ನು ಹೇಳುವ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಸುತ್ತು ಮುಗಿಯಲು 30 ಸೆಕೆಂಡು. ನಡುವೆ ಒಂದು ತಿರುವಿನಲ್ಲಿ ದನಿ ಕಡಿದರೆ ತಪ್ಪಿಹೋದ ಭಾಗ ಮತ್ತೆ ಬರುವವರೆಗೆ ಕಾಯಬೇಕು. ಹೇರ್‌ಪಿನ್ ತಿರುವುಗಳ ನಡುವೆ ಫೋನನ್ನು ಆಫ್ ಮಾಡಿ ಆನ್ ಮಾಡಿದವರು ನಿಮಿಷಗಟ್ಟಲೆ ‘ಜಿಪಿಎಸ್ ಹುಡುಕಲಾಗುತ್ತಿದೆ’ ಎಂಬ ಸಾಲನ್ನೇ ನೋಡುತ್ತ ಕೂರಬೇಕಾಗುವುದು ಇದರಿಂದ.

ಆದ್ದರಿಂದ ಮೂಡಿಗೆರೆ ಕಡೆಯಿಂದ ಧರ್ಮಸ್ಥಳಕ್ಕೆ ಹೊರಟವರು ಚಾರ್ಮಾಡಿ ಇಳಿಯುವ ಮುನ್ನ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ನಿಂತಾಗಲೇ ಫೋನನ್ನು ಹೊರಗಿನ ಬಯಲಿಗೆ ತಂದು, ನೆಟ್‌ವರ್ಕ್ ಇರುವಾಗಲೇ ಮ್ಯಾಪ್ ಹಾಕಿಕೊಂಡು, ಆ ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಂಡರೆ ಸಾಕು. ಹಾಗೆ ಪಡೆದ ಉಪಗ್ರಹಗಳ ಮಾಹಿತಿ ಒಂದೆರಡು ಗಂಟೆಗಂತೂ ಮೋಸವಿಲ್ಲದೆ ನಡೆಯುತ್ತದೆ. ಆಮೇಲೆ ಮೊಬೈಲ್ ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಕರಗಿ ಸೊನ್ನೆಯಾದರೂ, ಕರೆ ಹೋಗದಿದ್ದರೂ, ವಾಟ್ಸ್‌ಆ್ಯಪ್ ಸುತ್ತುತ್ತಲೇ ಇದ್ದರೂ, ಎಸಿ ಕಿಂಡಿಯ ಮೇಲೆ ಗಾಜಿಗೆ ಮುಖ ಕೊಟ್ಟು ಕೂತ ಫೋನಿನಲ್ಲಿ ನೀಲಿ ಬಾಣ ಮಾತ್ರ ತಿರುವು ತಿರುವಿಗೂ ಹೊರಳುತ್ತ ಘಾಟಿ ಇಳಿಯುತ್ತಿರುತ್ತದೆ.