ಜೂರಿಯ ತಾಳ್ಮೆ

ಜೂರಿ ಪದ್ಧತಿಯಲ್ಲಿ ಆಪಾದಿತನ ಭವಿಷ್ಯವನ್ನು ನಿರ್ಣಯಿಸುವವರು ನ್ಯಾಯಶಾಸ್ತ್ರ ಓದಿದವರಲ್ಲ. 12 ಮಂದಿ ಸಾಮಾನ್ಯ ನಾಗರಿಕರು. ಮೊಕದ್ದಮೆಯು ತಿಂಗಳುಗಟ್ಟಲೆ ಬೆಳೆದರೆ ಅವರ ಗತಿಯೇನು? ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1995ರಲ್ಲಿ ನಡೆದ ಓ. ಜೆ. ಸಿಂಪ್ಸನ್ ಮೊಕದ್ದಮೆಯನ್ನೇ ನೋಡಿರಿ. ಹೆಸರಾಂತ ಫುಟ್‌ಬಾಲ್ ಆಟಗಾರನಾಗಿದ್ದ ಆತನ ಮೇಲೆ ಎರಡು ಕೊಲೆಗಳ ಆರೋಪವಿತ್ತು. ಜನವರಿಯಿಂದ ಅಕ್ಟೋಬರಿನವರೆಗೆ ಜೂರಿಗಳು ಮನೆಮಂದಿಯಿಂದ ದೂರವಾಗಿ ಹೋಟೆಲೊಂದರಲ್ಲಿ ಕಾವಲಿನಲ್ಲಿದ್ದರು. ಸೆರೆವಾಸ ಆಪಾದಿತನಿಗೆ ಮಾತ್ರವೇ ಆಗಿರಲಿಲ್ಲ!

ಆಪಾದಿತನು ನಿರ್ದೋಷಿಯೆಂದು ಸಾಧಿಸುವ ಹೊಣೆ ಅವನ ವಕೀಲರದಲ್ಲ. ಸಮಂಜಸವಾದ ಸಂದೇಹವೊಂದು ಉಳಿದರೆ ಸಾಕು. ಆದುದರಿಂದ ಬ್ಯಾರಿ ಷೆಕ್ ಎಂಬ ವಕೀಲರು, ರಕ್ತದ ಮಾದರಿಗಳನ್ನು ಸಂಗ್ರಹಿಸಿದ ತಜ್ಞನನ್ನು ದಿನಗಟ್ಟಲೆ ಪಾಟೀಸವಾಲಿಗೆ ಗುರಿಪಡಿಸಿದರು. ಮಾದರಿಯನ್ನು ಮುಟ್ಟಿದವರಾರು, ಇಟ್ಟುದೆಲ್ಲಿ ಎಂದು ಕೆದಕಿ ಕೆದಕಿ ಕೇಳಿದರು. ಹೊರಗಿನವರಿಗೆ ಇದು ಕಾಲಹರಣವಾಗಿ ತೋರಬಹುದು. ಒಬ್ಬನ ಬಾಳು ತಕ್ಕಡಿಯಲ್ಲಿರುವಾಗ ಅದು ವಕೀಲನ ಕರ್ತವ್ಯವೆಂದೇ ನನ್ನೆಣಿಕೆ.

ಆದರೆ ತಾಳ್ಮೆಗೂ ಮೇರೆಯುಂಟು. ಏಪ್ರಿಲಿನಲ್ಲಿ, ತಮ್ಮ ಕಾವಲುಗಾರರಲ್ಲಿ ಕೆಲವರನ್ನು ಬದಲಾಯಿಸಿದುದನ್ನು ಪ್ರತಿಭಟಿಸಿ, ಜೂರಿಗಳಲ್ಲಿ ಬಹುಮಂದಿ ಕಪ್ಪು ಉಡುಪು ಧರಿಸಿ ಬಂದರು. ನಾನಾ ಕಾರಣಗಳಿಂದ 10 ಮಂದಿಯ ಸ್ಥಾನಕ್ಕೆ ಬೇರೆಯವರು ಬರಬೇಕಾಯಿತು. ಕೊನೆಗೆ, ಅಷ್ಟು ತಿಂಗಳ ಸಾಕ್ಷ್ಯವನ್ನು ಕುರಿತು ಅವರು ಸಮಾಲೋಚಿಸಿದ್ದು ನಾಲ್ಕು ಗಂಟೆಗಿಂತಲೂ ಕಡಿಮೆ ಹೊತ್ತು. ಅದು ಸಂದೇಹದ ಫಲವೋ ದಣಿವಿನ ಫಲವೋ ಎಂದು ಹಲವರು ಕೇಳಿದರು. ಅಕ್ಟೋಬರ್ 3ರಂದು ಸಿಂಪ್ಸನ್ ಬಿಡುಗಡೆ ಹೊಂದಿದನು.